ತುಂಟ ಮಗುವಿಗೆ ತಕ್ಕ ಶಾಲೆ

ಮಗುವನ್ನು ಶಾಲೆಗೆ ಸೇರಿಸುವುದು ಒಂದು ಕಷ್ಟ. ಸೇರಿದ ಮಗುವನ್ನು “ನಮ್ಮಿಂದಾಗದು, ಬೇರೆ ಕಡೆ ನೋಡಿಕೊಳ್ಳಿ” ಎಂದು ಶಾಲೆಯವರು ಹಿಂದಕ್ಕೆ ಕಳುಹಿಸಿದಾಗ ತಾಯಿತಂದೆಯರಿಗೆ ಒದಗುವ ಕಷ್ಟ ಇನ್ನೊಂದು ಬಗೆಯದು. ಕುಳಿತಲ್ಲಿ ಕೂರದ, ಹೇಳಿದ ಮಾತು ಕೇಳದ, ಪಾಠದ ನಡುವೆ ಎದ್ದು ಓಡುವ ಮಗು ಪ್ರತಿಯೊಂದು ಬೀದಿಯಲ್ಲಿಯೂ ಉಂಟು. ಅಂತಹ ಮಗುವಿಗೆ ಬಿಗಿ ಶಿಸ್ತಿನ ಶಾಲೆಯೇ ಮದ್ದೆಂದು ನೆರೆಹೊರೆಯವರು ಬುದ್ಧಿ ಹೇಳುವರು. ದೂರದ ಹಾಸ್ಟೆಲಿಗೆ ಸೇರಿಸಿರೆಂದು ಬಂಧುಗಳು ಹೇಳುವರು. ಆದರೆ ಮಗುವಿಗೆ ಬೇಕಾದುದು ಅದನ್ನು ಅಂಕೆಯಲ್ಲಿಡುವ ಶಾಲೆಯೋ, ಅರಿತುಕೊಳ್ಳುವ ಶಾಲೆಯೋ? ಜಪಾನ್ ದೇಶದ ಹುಡುಗಿಯೊಬ್ಬಳ ನಿಜಜೀವನದ ಕಥೆಯಲ್ಲಿ ಈ ಪ್ರಶ್ನೆಗೆ ಉತ್ತರವುಂಟು.

ಕಿಟಕಿಯ ಬಳಿಯ ಹುಡುಗಿ

1933ರಲ್ಲಿ ಟೋಕಿಯೋ ನಗರದಲ್ಲಿ ಜನಿಸಿದ ತೆತ್ಸುಕೊ ಕುರೋಯನಗಿ ಪಿಟೀಲು ವಾದಕರೊಬ್ಬರ ಮಗಳು. ‘ತೊತ್ತೋ-ಚಾನ್’ ಎಂಬುದು ಆಕೆಯ ಮುದ್ದಿನ ಹೆಸರು. ಒಂದನೆಯ ತರಗತಿಯಲ್ಲಿದ್ದಾಗಲೇ ಉಪಾಧ್ಯಾಯಿನಿ ಆಕೆಯ ತಾಯಿಯನ್ನು ಕರೆಸಿದರು. ದೂರುಗಳ ಪಟ್ಟಿ ಉದ್ದವಾಗಿತ್ತು. ಮುಚ್ಚಳವುಳ್ಳ ಮೇಜು ಹುಡುಗಿಗೆ ಹೊಸದು. ಪೆನ್ಸಿಲನ್ನೋ ಪುಸ್ತಕವನ್ನೋ ತೆಗೆಯುವ ನೆಪದಿಂದ ಅದನ್ನು ನೂರಾರು ಸಲ ತೆರೆದು ಮುಚ್ಚುವಳು. ಅದು ನಿಂತಿತೆಂದರೆ ಕಿಟಕಿಯ ಬಳಿ ಹೋಗಿ ಬೀದಿಯ ವಾದ್ಯಗಾರರನ್ನು ಕೂಗಿ ಕರೆಯುವಳು. ಇಡೀ ತರಗತಿ ಪಾಠವನ್ನು ಮರೆತು ವಾದ್ಯ ಕೇಳುವುದು. ಅವರು ಹೋದರೆ ಸೂರಿನಲ್ಲಿ ಗೂಡು ಕಟ್ಟುವ ಹಕ್ಕಿಗಳೊಡನೆ ಸಂಭಾಷಣೆ! ಉಳಿದ ಮಕ್ಕಳ ಪಾಠ ಕೆಡುತ್ತಿದೆ, ಈಕೆಯನ್ನು ಕರೆದೊಯ್ಯಿರಿ ಎಂದು ಉಪಾಧ್ಯಾಯಿನಿ ಹೇಳಿಬಿಟ್ಟರು. ತರಗತಿ ತುಂಬ ಮಕ್ಕಳನ್ನು ಒಬ್ಬರೇ ನಿಭಾಯಿಸುತ್ತಿದ್ದ ಆಕೆಯ ಬೇಸರವೂ ಸುಳ್ಳಲ್ಲ.

ತಾಯಿ ಮಗಳನ್ನು ಗದರಿಸಲಿಲ್ಲ. ಶಾಲೆಯಿಂದ ಹೊರಹಾಕಿದರೆಂಬ ಸಂಗತಿಯನ್ನೂ ತಿಳಿಸಲಿಲ್ಲ. ಹೊಸ ಶಾಲೆಯೊಂದಕ್ಕೆ ಹೋಗೋಣವೆಂದು ಮಾತ್ರ ಹೇಳಿದರು. ನಿಜ ಸಂಗತಿ ಮಗಳಿಗೆ ತಿಳಿದದ್ದು ಇಪ್ಪತ್ತು ವರ್ಷ ತುಂಬಿದ ಮೇಲೆ!

ನಾಲ್ಕು ಗಂಟೆಗಳ ಮಾತು

ತಾಯಿ ಹುಡುಕಿದ ಶಾಲೆ ಟೋಕಿಯೋದ ಜಿಯುಗಾಓಕದಲ್ಲಿದ್ದ ‘ತೊಮೊಯೆ ಗಾಕುಎನ್’. ಸೊಸಾಕು ಕೊಬಾಯಾಶಿ ಎಂಬವರು 1937ರಲ್ಲಿ ಅದನ್ನು ಸ್ಥಾಪಿಸಿದರು. ಸಂಗೀತದ ಲಯಕ್ಕೆ ಮೈಮನಗಳೆರಡನ್ನೂ ಹೊಂದಿಸುವ ಡಾಲ್ಕ್ರೋಜ್ ಅವರ ಶಿಕ್ಷಣಕ್ರಮವನ್ನು ಅವರು ಯೂರೋಪಿನಲ್ಲಿ ಕಲಿತು ಬಂದಿದ್ದರು. ಮೊದಲ ದಿನ ತಾಯಿಯನ್ನು ಮನೆಗೆ ಕಳುಹಿಸಿ, ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ನಿನಗೆ ತೋಚಿದ್ದನ್ನೆಲ್ಲ ಹೇಳೆಂದರು. ನಾಲ್ಕು ಗಂಟೆಗಳ ಕಾಲ ಆಕೆ ಮಾತನಾಡಿದಳು; ಅವರು ಆಕಳಿಸದೆ ಕೇಳಿದರು. ಅದೇ ಪ್ರವೇಶ ಪರೀಕ್ಷೆ. ಹುಡುಗಿ ತೇರ್ಗಡೆಯಾದಳು.

ಹಳೆಯ ರೈಲು ಬೋಗಿಗಳೇ ಅಲ್ಲಿನ ತರಗತಿಗಳು. ಇಡೀ ಶಾಲೆಯಲ್ಲಿ ಸುಮಾರು 50 ಮಕ್ಕಳು. ಆ ದಿನದ ಪಾಠಗಳೆಲ್ಲವನ್ನೂ ಬೆಳಗ್ಗೆಯೇ ಹಲಗೆಯ ಮೇಲೆ ಬರೆದಿಡುವರು. ಯಾವುದನ್ನು ಮೊದಲು ಮಾಡಬೇಕೆಂಬುದು ಮಗುವಿನ ಇಷ್ಟ. ಎಲ್ಲವನ್ನೂ ಬೇಗ ಮುಗಿಸಿದರೆ ಮಧ್ಯಾಹ್ನ ಹೊರಗೆ ತಿರುಗಾಟ. ಹಳೆಯ ಶಾಲೆಯಲ್ಲಿ ಒಂದು ಕ್ಷಣ ಕೂರದಿದ್ದ ಹುಡುಗಿ ಇಲ್ಲಿ ತಾನಾಗಿ ಕೂರಲು ಕಲಿತಳು.

ಹಾಗೆಂದು ಅದು ಲಂಗುಲಗಾಮಿಲ್ಲದ ಶಾಲೆಯಾಗಿರಲಿಲ್ಲ. ಒಮ್ಮೆ ಆಕೆಯ ಹಣದ ಚೀಲ ಪಾಯಿಖಾನೆಯ ಗುಂಡಿಗೆ ಬಿದ್ದಿತು. ಉದ್ದ ಹಿಡಿಯ ಸೌಟೊಂದನ್ನು ತಂದು ಆಕೆ ಗುಂಡಿಯನ್ನು ಬರಿದುಮಾಡತೊಡಗಿದಳು. ಅತ್ತ ಬಂದ ಮುಖ್ಯೋಪಾಧ್ಯಾಯರು ಬೈಯಲಿಲ್ಲ, ನೆರವಿಗೂ ನಿಲ್ಲಲಿಲ್ಲ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಮರಳಿ ತುಂಬುವೆಯಷ್ಟೆ ಎಂದು ಕೇಳಿ ನಡೆದರು. ಚೀಲ ಸಿಗಲಿಲ್ಲ. ಹುಡುಗಿ ಮಾತ್ರ ಗುಂಡಿಯನ್ನು ಮೊದಲಿನಂತೆಯೇ ತುಂಬಿದಳು. ಹೊಣೆಗಾರಿಕೆಯ ಪಾಠ ಇದಕ್ಕಿಂತ ಬೇರೆ ಬೇಕೆ? ಆಕೆ ನಿಜವಾಗಿಯೂ ಒಳ್ಳೆಯ ಹುಡುಗಿಯೆಂಬುದನ್ನು ಅವರು ಮತ್ತೆ ಮತ್ತೆ ಆಕೆಗೆ ಹೇಳುತ್ತಿದ್ದರು.

1945ರ ವಿಮಾನ ದಾಳಿಯಲ್ಲಿ ಆ ಶಾಲೆ ಸುಟ್ಟುಹೋಯಿತು. ಕೊಬಾಯಾಶಿಯವರು 1963ರಲ್ಲಿ ತೀರಿಕೊಂಡರು. ಶಾಲೆಗೆ ಬೇಡವಾಗಿದ್ದ ಹುಡುಗಿ ಜಪಾನಿನ ದೂರದರ್ಶನದ ಹೆಸರಾಂತ ಕಲಾವಿದೆಯಾದರು. 1984ರಲ್ಲಿ ಯೂನಿಸೆಫ್ ಸಂಸ್ಥೆಯ ಸದ್ಭಾವನಾ ರಾಯಭಾರಿಯಾದರು. ತಮ್ಮ ಬಾಲ್ಯವನ್ನು ಕುರಿತು ಅವರು 1981ರಲ್ಲಿ ಪ್ರಕಟಿಸಿದ ಪುಸ್ತಕ ಕನ್ನಡಕ್ಕೂ ಬಂದಿದೆ.

ತಾಯಿತಂದೆಯರು ಕೇಳಬೇಕಾದುದು

ರೈಲು ಬೋಗಿಯ ಶಾಲೆ ಎಲ್ಲ ಊರಿನಲ್ಲಿಯೂ ದೊರೆಯದು. ಆದರೆ ಶಾಲೆಯನ್ನು ಅಳೆಯುವ ಕೋಲು ಈ ಕಥೆಯಲ್ಲಿ ದೊರೆಯುತ್ತದೆ. ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ? ಗಲಾಟೆ ಮಾಡಿದ ಮಗುವನ್ನು ಏನು ಮಾಡುವಿರಿ? ಎದ್ದು ಓಡಾಡಲು, ಕೈಕೆಲಸಕ್ಕೆ ಅವಕಾಶವುಂಟೆ? ಮುಖ್ಯೋಪಾಧ್ಯಾಯರು ಹಿಂದಿನ ಶಾಲೆಯ ದೂರನ್ನು ಮೊದಲು ಓದುವರೋ, ಮಗುವಿನೊಡನೆ ಮೊದಲು ಮಾತನಾಡುವರೋ? ಇವಕ್ಕೆ ಬರುವ ಉತ್ತರ ಕಟ್ಟಡದ ಅಂದಕ್ಕಿಂತಲೂ ಫಲಿತಾಂಶದ ಪಟ್ಟಿಗಿಂತಲೂ ಮುಖ್ಯವಾದುದು.

ಶಾಲೆಯನ್ನು ಬದಲಿಸುವ ಮುನ್ನ ಮಗುವಿನ ಕಣ್ಣು, ಕಿವಿಗಳನ್ನು ಪರೀಕ್ಷಿಸಬೇಕು. ಹಲಗೆ ಕಾಣದ, ಮಾತು ಕೇಳಿಸದ ಮಗುವೂ ಗಲಾಟೆ ಮಾಡೀತು. ಅಕ್ಷರಗಳನ್ನು ಓದುವುದೇ ದುಸ್ತರವಾದ ಮಗು, ದಡ್ಡನೆನ್ನಿಸಿಕೊಳ್ಳುವುದಕ್ಕಿಂತ ತುಂಟನೆನ್ನಿಸಿಕೊಳ್ಳುವುದೇ ಲೇಸೆಂದು ಬಗೆಯುವುದುಂಟು. ಗಮನವನ್ನು ನಿಲ್ಲಿಸಲಾಗದಿರುವುದು ಹಲವು ಮಕ್ಕಳಲ್ಲಿ ಹಟವಲ್ಲ, ಚಿಕಿತ್ಸೆಗೆ ಒಳಪಡುವ ತೊಂದರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕ್ಕೆಂದೇ ಪ್ರತ್ಯೇಕ ವಿಭಾಗವುಂಟು. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆ ಸಲ್ಲದು.

ಕಾನೂನಿನ ಆಸರೆಯೂ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಗೆ ಒಳಪಟ್ಟ ಶಾಲೆಗಳು ಪ್ರಾಥಮಿಕ ಶಿಕ್ಷಣ, ಎಂದರೆ ಎಂಟನೆಯ ತರಗತಿ, ಮುಗಿಯುವವರೆಗೆ ಯಾವ ಮಗುವನ್ನೂ ಹೊರಹಾಕುವಂತಿಲ್ಲ. ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತಿಲ್ಲ. ಕಲಿಕೆಯ ನ್ಯೂನತೆಯನ್ನೂ ಆಟಿಸಂ ಅನ್ನೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ.

ಒಳ್ಳೆಯ ಶಾಲೆ ಸಿಗುವುದು ತಡವಾಗಬಹುದು. ಅದು ಸಿಗುವವರೆಗೆ ಮಗು ಬೆಳೆಯುವುದು ಮನೆಯಲ್ಲಿ. ದೂರಿನ ಕಾಗದ ಮನೆಗೆ ಬಂದ ಸಂಜೆ ಅಪ್ಪ ಅಮ್ಮ ಏನು ಮಾತನಾಡಿಕೊಳ್ಳುತ್ತಾರೆಂಬುದನ್ನು ಅದು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿರುತ್ತದೆ. ತಾನು ಕೆಟ್ಟವನೆಂದು ಒಮ್ಮೆ ನಂಬಿಬಿಟ್ಟ ಮಗುವನ್ನು ತಿದ್ದುವುದು ಎಂತಹ ಶಾಲೆಗೂ ಸುಲಭವಲ್ಲ. ಆ ನಂಬಿಕೆ ಬೇರೂರದಂತೆ ಕಾಯುವ ಕೆಲಸ ಮಾತ್ರ ಮನೆಯವರದು.