ರೂಪ ಬದಲಿಸಿದ ಚಿತ್ರವೂ ವೈದ್ಯರ ಕಣ್ಣೂ

ರಜೆಯಲ್ಲಿ ಊರಿಗೆ ಹೊರಟ ವಾಶಿಯ ಕನ್ನಡಿಗರ ಸಾಮಾನುಗಳ ನಡುವೆ ಒಂದು ಕಾಲಕ್ಕೆ ಅಗಲವಾದ ಕಂದು ಲಕೋಟೆಯೊಂದು ಆಗಾಗ ಕಾಣಸಿಗುತ್ತಿತ್ತು. ಒಳಗಿನ ಕ್ಷ-ಕಿರಣದ ಫಿಲ್ಮು ಮಡಚಿಹೋಗದಂತೆ ಅದನ್ನು ಬೆನ್ನಿಗೆ ಆನಿಸಿಕೊಂಡು, ಪನವೇಲಿನಲ್ಲಿ ಮತ್ಸ್ಯಗಂಧ ರೈಲು ಹತ್ತಿ, ಮರುದಿನ ಉಡುಪಿಯಲ್ಲೋ ಮಂಗಳೂರಿನಲ್ಲೋ ಪರಿಚಯದ ವೈದ್ಯರ ಮುಂದೆ ಹಿಡಿದ ಮೇಲೆಯೇ ಮನೆಮಂದಿಗೆ ಸಮಾಧಾನ. ಚಿಕಿತ್ಸೆ ನಗರದಲ್ಲಾದರೂ ವಿಶ್ವಾಸ ಊರಿನಲ್ಲೇ ಉಳಿದಿರುವುದು ವಲಸೆ ಬಂದವರ ಸ್ವಭಾವ.

ಇಂದು ಆ ಲಕೋಟೆಯ ಸ್ಥಾನವನ್ನು ಒಂದು ಸಿ.ಡಿ. ಅಥವಾ ಮೊಬೈಲಿಗೆ ಬರುವ ಕೊಂಡಿಯೊಂದು ಆಕ್ರಮಿಸಿದೆ. ಚಿತ್ರ ಕ್ಷಣಮಾತ್ರದಲ್ಲಿ ಊರು ಸೇರಬಲ್ಲುದು; ಆದರೆ ಅಲ್ಲಿಂದ ಬರುವ ಉತ್ತರ, "ಇದು ತೆರೆಯುತ್ತಿಲ್ಲ" ಎಂಬುದು. ಆಗ ಮನೆಯ ಕಿರಿಯರು ಅಂತರಜಾಲದಲ್ಲಿ ಉಚಿತ ಪರಿವರ್ತನೆಯ ತಾಣವೊಂದನ್ನು ಹುಡುಕಿ, ಕಡತವನ್ನು ಅಲ್ಲಿಗೆ ಏರಿಸಿ, ಎಲ್ಲರಿಗೂ ತೆರೆಯುವ ಜೆಪೆಗ್ ಚಿತ್ರವನ್ನಾಗಿಸಿ ಕಳುಹಿಸುತ್ತಾರೆ. ಇದು ಅವರಿಗೆ ರೂಢಿಯಾದ ಕೆಲಸ. 2017ರಿಂದೀಚೆಗೆ ಐಫೋನ್‌ಗಳು ಭಾವಚಿತ್ರಗಳನ್ನು ಹೀಕ್ ಎಂಬ ರೂಪದಲ್ಲಿ ಉಳಿಸತೊಡಗಿದ ಮೇಲೆ, ಪರೀಕ್ಷೆಯ ಅರ್ಜಿಗೋ ಬ್ಯಾಂಕಿನ ಖಾತೆಗೋ ಅದನ್ನು ಜೆಪೆಗ್ ಮಾಡುವ ಪ್ರಸಂಗ ಮನೆಮನೆಯಲ್ಲೂ ಬರುತ್ತದೆ. ಭಾವಚಿತ್ರದ ಮಟ್ಟಿಗೆ ಕಣ್ಣಿಗೆ ಕಾಣುವ ನಷ್ಟ ಅತ್ಯಲ್ಪ. ವೈದ್ಯಕೀಯ ಚಿತ್ರದ ಸಂಗತಿ ಹಾಗಲ್ಲ.

ಆಸ್ಪತ್ರೆಯ ಯಂತ್ರಗಳು ಕೊಡುವ ಕಡತದ ರೂಪಕ್ಕೆ ಡೈಕಾಮ್ ಎಂದು ಹೆಸರು. ಬೇರೆ ಬೇರೆ ಕಂಪನಿಗಳ ಯಂತ್ರಗಳು ಪರಸ್ಪರ ಅರ್ಥವಾಗದ ಭಾಷೆಯನ್ನಾಡುತ್ತಿದ್ದ ಕಾಲದಲ್ಲಿ, ಅಮೆರಿಕದ ವಿಕಿರಣ ವೈದ್ಯರ ಸಂಸ್ಥೆಯೂ ವಿದ್ಯುತ್ ಉಪಕರಣ ತಯಾರಕರ ಸಂಘವೂ ಕೂಡಿ 1985ರಲ್ಲಿ ಒಂದು ಸಾಮಾನ್ಯ ಕಟ್ಟಳೆಯನ್ನು ಹೊರಡಿಸಿದವು. 1993ರಲ್ಲಿ ಅದಕ್ಕೆ ಈಗಿನ ಹೆಸರು ಬಂತು. ಸಿ.ಟಿ. ಸ್ಕ್ಯಾನ್ ಅದಕ್ಕಿಂತ ಹಿಂದಿನದು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ಮೆದುಳನ್ನು ಈ ಬಗೆಯಲ್ಲಿ ಚಿತ್ರಿಸಲಾಯಿತು. ಯಂತ್ರವನ್ನು ನಿರ್ಮಿಸಿದ ಹೌನ್ಸ್‌ಫೀಲ್ಡ್ ಅವರಿಗೆ 1979ರ ನೊಬೆಲ್ ಪಾರಿತೋಷಕ ಸಂದಿತು. ಅವರ ಹೆಸರಿನ ಅಳತೆಗೋಲಿನಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000, ಗಟ್ಟಿ ಎಲುಬಿಗೆ ಸಾವಿರದ ಆಸುಪಾಸು ಅಥವಾ ಅದಕ್ಕೂ ಮೇಲೆ. ಮೆದುಳಿನ ಬೂದುಭಾಗಕ್ಕೂ ಬಿಳಿಭಾಗಕ್ಕೂ ಇರುವ ಅಂತರ ಮಾತ್ರ ಹತ್ತರ ಸುಮಾರಿನದು. ಲಕ್ವ ಹೊಡೆದ ಮೊದಲ ತಾಸುಗಳಲ್ಲಿ ಈ ಕಿಂಚಿತ್ ಅಂತರ ಅಳಿಸಿಹೋಗಿದೆಯೆ ಎಂಬುದನ್ನೇ ವೈದ್ಯರು ಹುಡುಕುವುದು.

ಇಲ್ಲಿ ಲೆಕ್ಕ ಬಲ್ಲವರಿಗೆ ವಿಷಯ ಬೇಗನೆ ಹೊಳೆದೀತು. ಡೈಕಾಮ್ ಕಡತದಲ್ಲಿ ಸಾಮಾನ್ಯವಾಗಿ 4096 ಬಗೆಯ ಛಾಯೆಗಳಿಗೆ ಎಡೆಯುಂಟು. ಬಳಕೆಯ ಜೆಪೆಗ್‌ನಲ್ಲಿ ಬೂದು ಛಾಯೆಗಳು 256 ಮಾತ್ರ. ಇಡೀ ಹರವನ್ನು ಕುಗ್ಗಿಸಿ ತುಂಬಿದರೆ ಹದಿನಾರು ಛಾಯೆಗಳು ಒಂದಾಗುತ್ತವೆ. ಪೈಸೆಗಳನ್ನು ಬಿಟ್ಟು ರೂಪಾಯಿಗೆ ಸರಿಹೊಂದಿಸಿದಂತೆ, ಹತ್ತರ ಅಂತರ ಅದರಲ್ಲಿ ಕರಗಿಹೋಗಬಹುದು. ಅದಲ್ಲವಾದರೆ ಪರಿವರ್ತಕವು ಯಾವುದೋ ಒಂದು ಹರವನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಅಚ್ಚ ಕಪ್ಪು ಅಥವಾ ಅಚ್ಚ ಬಿಳುಪಾಗಿಸುತ್ತದೆ. ಮೂಲ ಕಡತವಿದ್ದರೆ ವೈದ್ಯರು ಶ್ವಾಸಕೋಶಕ್ಕೊಂದು, ಎಲುಬಿಗೊಂದು, ಮೆದುಳಿಗೊಂದು ಎಂದು ಹರವನ್ನು ಬದಲಿಸಿ ನೋಡಬಲ್ಲರು. ಮೂಲ ಕಡತ ಲೆಡ್ಜರು. ಜೆಪೆಗ್ ಅದರ ಒಂದು ಪುಟದ ಗೋಷ್ವಾರೆ. ಗೋಷ್ವಾರೆಯಿಂದ ಲೆಡ್ಜರನ್ನು ಮರಳಿ ಬರೆಯಲಾಗದು.

ಇನ್ನೊಂದು ನಷ್ಟವೂ ಉಂಟು. ಚಿತ್ರದ ಒಂದೊಂದು ಚುಕ್ಕೆ ದೇಹದಲ್ಲಿ ಎಷ್ಟು ಮಿಲಿಮೀಟರು ಎಂಬ ಅಳತೆ ಡೈಕಾಮ್ ಕಡತದೊಳಗೇ ಬರೆದಿರುತ್ತದೆ. ಪರಿವರ್ತನೆಯಲ್ಲಿ ಅದು ಸಾಮಾನ್ಯವಾಗಿ ಉದುರಿಹೋಗುತ್ತದೆ. ಮೂತ್ರನಾಳದಲ್ಲಿ ಸಿಕ್ಕಿದ ಕಲ್ಲು 5 ಮಿಲಿಮೀಟರಿಗಿಂತ ಚಿಕ್ಕದಾದರೆ ಬಹುಮಟ್ಟಿಗೆ ತಾನಾಗಿಯೇ ಹೊರಬೀಳುತ್ತದೆ; ದೊಡ್ಡದಾದಷ್ಟೂ ಶಸ್ತ್ರಕ್ರಿಯೆಯ ಸಂಭವ ಹೆಚ್ಚು. ಅಳತೆಯೇ ಇಲ್ಲದ ಚಿತ್ರ ನೋಡಿ ಯಾವ ವೈದ್ಯರು ತಾನೆ ನಿಶ್ಚಯ ಹೇಳಿಯಾರು?

ಅಂತರಜಾಲದಲ್ಲಿ ಪರಿವರ್ತಿಸುವುದೆಂದರೆ ಬಹುತೇಕ ಸಂದರ್ಭಗಳಲ್ಲಿ ಕಡತವನ್ನು ಅಪರಿಚಿತರ ಗಣಕಯಂತ್ರಕ್ಕೆ ಒಪ್ಪಿಸುವುದೆಂದೇ ಅರ್ಥ. ಡೈಕಾಮ್ ಕಡತದೊಳಗೆ ಚಿತ್ರದ ಜೊತೆಗೆ ರೋಗಿಯ ಹೆಸರು, ಹುಟ್ಟಿದ ದಿನಾಂಕ, ಆಸ್ಪತ್ರೆಯ ಹೆಸರು ಸಹ ಇರುತ್ತವೆ. ಪರದೆಯ ಮೇಲೆ ಅವು ಕಾಣದಿದ್ದರೂ ಓದಬಲ್ಲವನಿಗೆ ಓದಲು ಸಿಗುತ್ತವೆ. 2025ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಎಫ್.ಬಿ.ಐ. ಸಂಸ್ಥೆಯ ಡೆನ್ವರ್ ಕಚೇರಿ ಉಚಿತ ಪರಿವರ್ತಕಗಳ ಬಗ್ಗೆ ಎಚ್ಚರಿಕೆಯನ್ನು ಹೊರಡಿಸಿತು. ಕೆಲವು ವಂಚಕ ತಾಣಗಳು ಹೇಳಿದ ಕೆಲಸವನ್ನು ಮಾಡಿಕೊಟ್ಟು, ಮರಳಿ ಕೊಡುವ ಕಡತದೊಂದಿಗೆ ಹಾನಿಕರ ತಂತ್ರಾಂಶವನ್ನೂ ಸೇರಿಸುತ್ತವೆ. ಏರಿಸಿದ ಕಡತದಿಂದ ಖಾಸಗಿ ವಿವರಗಳನ್ನೂ ಹೆಕ್ಕಿಕೊಳ್ಳುತ್ತವೆ. ಕೆಲಸ ಸರಿಯಾಗಿಯೇ ಆಗುವುದರಿಂದ ಸಂಶಯಕ್ಕೆ ಆಸ್ಪದವಿರುವುದಿಲ್ಲ. ಎಲ್ಲ ತಾಣಗಳೂ ಅಂಥವಲ್ಲ, ದಿಟ. ಆದರೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಹೊರಗಿನಿಂದ ಗುರುತಿಸುವುದು ಜಾಣರಿಗೂ ಕಷ್ಟ.

ಈ ಕೆಲಸಕ್ಕೆ ಪರರ ಮನೆಗೆ ಹೋಗಬೇಕಾದ ಅಗತ್ಯವೇ ಹೆಚ್ಚಾಗಿ ಇರುವುದಿಲ್ಲ. ಸ್ಕ್ಯಾನ್ ಕೇಂದ್ರ ಕೊಡುವ ಸಿ.ಡಿ.ಯಲ್ಲಿ ಚಿತ್ರ ತೆರೆದು ತೋರುವ ಚಿಕ್ಕ ತಂತ್ರಾಂಶವೂ ಅನೇಕ ವೇಳೆ ಅಡಕವಾಗಿರುತ್ತದೆ. ಅದಿಲ್ಲವಾದರೆ ವೀಸಿಸ್, ಮೈಕ್ರೋಡೈಕಾಮ್ ಮೊದಲಾದವು ಮನೆಯ ಗಣಕದಲ್ಲೇ ಈ ಕೆಲಸ ಮಾಡುತ್ತವೆ. ಬೇಕಾದ ಚಿತ್ರವನ್ನು ಅಲ್ಲಿಂದಲೇ ಜೆಪೆಗ್ ಆಗಿಯೂ ಉಳಿಸಬಹುದು. ಸಾಮಾನ್ಯ ಭಾವಚಿತ್ರಗಳನ್ನು ವಿಂಡೋಸ್‌ನ ಪೇಂಟ್‌ನಲ್ಲಿ ತೆರೆದು ಬೇರೆ ರೂಪದಲ್ಲಿ ಉಳಿಸಿದರೆ ಸಾಕು. ಐಫೋನ್ ಇರುವವರು ಕ್ಯಾಮೆರಾದ ಆಯ್ಕೆಗಳಲ್ಲಿ ಹೆಚ್ಚು ಹೊಂದಾಣಿಕೆಯ ರೂಪವನ್ನು ಆರಿಸಿಬಿಟ್ಟರೆ ಚಿತ್ರಗಳು ಮೊದಲಿನಿಂದಲೇ ಜೆಪೆಗ್ ಆಗಿ ಉಳಿಯುತ್ತವೆ.

ಊರಿನ ವೈದ್ಯರೊಡನೆ ದೂರದಿಂದ ಸಮಾಲೋಚಿಸುವುದಕ್ಕೆ ಈಗ ಅಡ್ಡಿಯಿಲ್ಲ. 2020ರ ಮಾರ್ಚ್ 25ರಂದು ಪ್ರಕಟವಾದ ದೂರವೈದ್ಯ ಮಾರ್ಗಸೂಚಿಯು ದೂರವಾಣಿ, ವಿಡಿಯೋ, ಸಂದೇಶ ಮೊದಲಾದ ಮಾರ್ಗಗಳಿಂದ ಸಲಹೆ ನೀಡಲು ನೋಂದಾಯಿತ ವೈದ್ಯರಿಗೆ ಅವಕಾಶವಿತ್ತಿದೆ. ವಾಟ್ಸಾಪಿನಲ್ಲಿ ಕಳುಹಿಸುವುದಾದರೆ ಫೋಟೋ ಎಂದು ಕಳುಹಿಸದೆ ದಾಖಲೆ ಎಂದು ಕಳುಹಿಸಬೇಕು. ಫೋಟೋ ಎಂದಾದರೆ ಅದು ದಾರಿಯಲ್ಲಿ ಮತ್ತಷ್ಟು ಹಿಂಡಿಹೋಗುತ್ತದೆ. ಜೊತೆಗೆ ವಿಕಿರಣ ತಜ್ಞರು ಸಹಿ ಮಾಡಿದ ಲಿಖಿತ ವರದಿಯೂ ಹೋಗತಕ್ಕದ್ದು. ಜೆಪೆಗ್ ಚಿತ್ರ ಮಾತುಕತೆಗೆ ಒದಗೀತು. ನಿರ್ಣಯ ಬೇಕಾದಲ್ಲಿ ಮೂಲ ಕಡತವನ್ನೇ ಕೊಡಬೇಕು. ಕೇಂದ್ರದವರು ಮೊಬೈಲಿಗೆ ಕಳುಹಿಸುವ ಕೊಂಡಿಗೆ ಅನೇಕ ವೇಳೆ ಅವಧಿಯ ಮಿತಿ ಇರುತ್ತದೆ. ಆದಕಾರಣ ಅದು ಬಂದ ದಿನವೇ ಇಡೀ ಕಡತವನ್ನು ಇಳಿಸಿಕೊಂಡು, ಹೆಸರು ಮತ್ತು ದಿನಾಂಕ ಬರೆದ ಪೆನ್‌ಡ್ರೈವಿನಲ್ಲಿ, ಹಳೆಯ ಫಿಲ್ಮುಗಳಿರುವ ಕಪಾಟಿನಲ್ಲೇ ಇರಿಸುವುದು ಅನುಕೂಲ.