ಕಾಡುಮನೆಯ ಬಾಗಿಲಿಗೆ ಕರಪತ್ರ

ಚುನಾವಣೆಯ ಕಾಲದಲ್ಲಿ ದಾಂಡೇಲಿ ಪೇಟೆಯ ಮತದಾರನ ಕೈಗೆ ಕರಪತ್ರ ತಾನಾಗಿಯೇ ಬಂದು ಬೀಳುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಒಂದು, ಪತ್ರಿಕೆಯ ಮಡಿಕೆಯೊಳಗೆ ಇನ್ನೊಂದು, ಸಂತೆಗೆ ಹೋದರೆ ಮತ್ತೊಂದು. ಅದೇ ವಿಧಾನಸಭಾ ಕ್ಷೇತ್ರದ ಆಚೆ ತುದಿಯಲ್ಲಿ, ಜೊಯಿಡಾ ತಾಲ್ಲೂಕಿನ ಡಿಗ್ಗಿ ಕಡೆಯ ಕುಣಬಿ ಮನೆಗಳಿಗೆ ಅದೇ ಹಾಳೆಯನ್ನು ಮುಟ್ಟಿಸಬೇಕೆಂದರೆ ಕಾರ್ಯಕರ್ತ ಜೀಪಿನಿಂದಿಳಿದು ನಡೆಯಬೇಕು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಇರುವ ಊರು ದಾಂಡೇಲಿ. ಕಾಗದ ತಯಾರಾಗುವ ಕ್ಷೇತ್ರದಲ್ಲೇ ಕಾಗದ ತಲುಪದ ಮನೆಗಳಿವೆ.

ಹಳಿಯಾಳ, ದಾಂಡೇಲಿ, ಜೊಯಿಡಾ ಸೇರಿ ಹಳಿಯಾಳ ವಿಧಾನಸಭಾ ಕ್ಷೇತ್ರ. ಮುಂಡಗೋಡ ಸೇರಿರುವುದು ಯಲ್ಲಾಪುರ ಕ್ಷೇತ್ರಕ್ಕೆ. ಇವೆಲ್ಲ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದೊಳಗಿವೆ. ಆ ಕ್ಷೇತ್ರವೋ ಕರಾವಳಿಯಿಂದ ಹಿಡಿದು ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳವರೆಗೆ ಹಬ್ಬಿದೆ. ಇಷ್ಟು ಹರವಿನಲ್ಲಿ ಅಡ್ಡದಾರಿ ಹುಡುಕುವ ಆಸೆ ಹುಟ್ಟುವುದು ಸಹಜ. ಡ್ರೋನ್‌ನಿಂದ ಉದುರಿಸಿದರೆ ಹೇಗೆ? ಮದುವೆ ಪತ್ರಿಕೆಯಲ್ಲೇ ಒಂದು ಸಾಲು ಸೇರಿಸಿದರೆ? ರೇಷನ್ ಅಂಗಡಿಯ ಅಕ್ಕಿ ಚೀಲದ ಜೊತೆ ಕಳಿಸಿದರೆ? ಇವುಗಳಲ್ಲಿ ಯಾವುದಕ್ಕೆ ಕಾನೂನು ಒಪ್ಪುತ್ತದೆ, ಯಾವುದು ನಿಜವಾಗಿ ಕೆಲಸಕ್ಕೆ ಬರುತ್ತದೆ ಎಂಬುದನ್ನು ಪ್ರತಿ ಮತದಾರನೂ ತಿಳಿದಿರಬೇಕು. ಏಕೆಂದರೆ ಕರಪತ್ರದಿಂದ ಮೋಸ ಹೋಗುವುದಾದರೆ ಹೋಗುವವನು ಅವನೇ.

ಮೂಲ ಕಾನೂನು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಸೆಕ್ಷನ್. ಇದನ್ನು ಸೇರಿಸಿದ್ದು 1961ರಲ್ಲಿ. ಅಭ್ಯರ್ಥಿಯ ಪರವಾಗಲಿ ವಿರುದ್ಧವಾಗಲಿ ಅಚ್ಚಾದ ಪ್ರತಿ ಕರಪತ್ರದ ಮೇಲೂ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕ ತಾನು ಯಾರೆಂದು ಸಹಿ ಹಾಕಿ ಬರೆದುಕೊಡಬೇಕು; ಅವನನ್ನು ಖುದ್ದಾಗಿ ಬಲ್ಲ ಇಬ್ಬರು ಅದಕ್ಕೆ ದೃಢೀಕರಣ ಕೊಡಬೇಕು. ಆ ಘೋಷಣೆಯನ್ನೂ ಕರಪತ್ರದ ಪ್ರತಿಯನ್ನೂ ರಾಜಧಾನಿಯ ಹೊರಗಿನ ಪ್ರೆಸ್ಸಿನವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಸಭೆಯ ದಿನ, ವೇಳೆ, ಸ್ಥಳವನ್ನಷ್ಟೇ ತಿಳಿಸುವ ಹ್ಯಾಂಡ್‌ಬಿಲ್ಲಿಗೆ ವಿನಾಯಿತಿ ಇದೆ.

ಗಮನಿಸಿ: ಕರಪತ್ರವನ್ನು ಹೀಗೆಯೇ ಹಂಚಬೇಕು ಎಂದು ಈ ಸೆಕ್ಷನ್ ಎಲ್ಲಿಯೂ ಹೇಳುವುದಿಲ್ಲ. ಹಾಳೆ ಯಾವ ದಾರಿಯಲ್ಲಿ ಬಂತು ಎಂಬುದಕ್ಕಿಂತ ಯಾರಿಂದ ಬಂತು ಎಂಬುದೇ ಅದಕ್ಕೆ ಮುಖ್ಯ. ನನ್ನ ಮಟ್ಟಿಗೆ ಇಡೀ ವಿಷಯದ ಬೀಗದ ಕೈ ಇರುವುದು ಇಲ್ಲೇ.

ಇದಕ್ಕೊಂದು ಇತಿಹಾಸವಿದೆ. ಅಚ್ಚಾದ ಹಾಳೆಯ ಮೇಲೆ ಮುದ್ರಕನ ಹೆಸರು, ಊರು ಇರಬೇಕೆಂಬ ಕಟ್ಟಳೆ 1867ರ ಬ್ರಿಟಿಷ್ ಕಾಯ್ದೆಯಲ್ಲೇ ಇತ್ತು. ಬರೆದವನನ್ನು ಹಿಡಿಯಲು ಸರ್ಕಾರಕ್ಕೆ ಅದು ಒದಗುತ್ತಿತ್ತು. ಅದಕ್ಕೇ 1942ರ ಚಳವಳಿಯ ಗುಪ್ತ ಬುಲೆಟಿನ್ನುಗಳಲ್ಲಿ ಪ್ರೆಸ್ಸಿನ ಹೆಸರು ಇರುತ್ತಿರಲಿಲ್ಲ. ರಾತ್ರಿ ಅಚ್ಚಾಗಿ ಬೆಳಗಾಗುವುದರೊಳಗೆ ಅವು ಕೈಯಿಂದ ಕೈಗೆ ದಾಟುತ್ತಿದ್ದವು. ಅಂದು ಹೆಸರು ಮುಚ್ಚಿಡುವುದು ಧೈರ್ಯದ ಕೆಲಸ. ಇಂದು ಮತ ಕೇಳುವವನೋ ಎದುರಾಳಿಯ ಮೇಲೆ ಕೆಸರು ಎರಚುವವನೋ ಹೆಸರು ಮುಚ್ಚಿಟ್ಟರೆ ಮತದಾರನಿಗೆ ಅನ್ಯಾಯ. ಅಮೆರಿಕದ ಸುಪ್ರೀಂ ಕೋರ್ಟ್ ಬೇರೆ ದಾರಿ ಹಿಡಿದಿದೆ. ಒಹಾಯೊದಲ್ಲಿ ಶಾಲಾ ತೆರಿಗೆಯ ವಿರುದ್ಧ ಹೆಸರಿಲ್ಲದ ಕರಪತ್ರ ಹಂಚಿದ ಮಾರ್ಗರೆಟ್ ಮ್ಯಾಕಿಂಟೈರ್ ಪ್ರಕರಣದಲ್ಲಿ, ಅನಾಮಧೇಯವಾಗಿ ಮಾತಾಡುವುದೂ ಹಕ್ಕು ಎಂದು 1995ರಲ್ಲಿ ಅದು ತೀರ್ಪು ಕೊಟ್ಟಿತು. ಊರಿನ ದೊಡ್ಡವರ ಎದುರು ಮಾತಾಡಲು ಅಂಜುವ ಬಡವನಿಗೆ ಆ ವಾದ ಆಸರೆಯಾದೀತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮಲ್ಲಿ ಮತದಾನದ ಮುನ್ನಾ ರಾತ್ರಿ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುವ ಹಾಳೆಗಳು ಬಡವನಿಂದ ಬಂದವಾಗಿರುವುದು ಅಪರೂಪ. ಅಭ್ಯರ್ಥಿಯ ಚಾರಿತ್ರ್ಯದ ಬಗ್ಗೆ ಗೊತ್ತಿದ್ದೂ ಸುಳ್ಳು ಹಬ್ಬಿಸುವುದನ್ನು ಅದೇ ಕಾಯ್ದೆಯ 123(4) ಭ್ರಷ್ಟ ಆಚರಣೆ ಎನ್ನುತ್ತದೆ. ಸುಳ್ಳು ಹಬ್ಬಿಸಿದವನು ಸಿಗಬೇಕಾದರೆ ಹಾಳೆಯ ಬುಡದಲ್ಲಿ ಮುದ್ರಕರ, ಪ್ರಕಾಶಕರ ಹೆಸರಿನ ಸಾಲು ಇರಬೇಕು.

ಝೆರಾಕ್ಸ್ ಅಂಗಡಿಯವರು ತಿಳಿದಿರಬೇಕಾದ ಮಾತೊಂದಿದೆ. ಕೈಬರಹದ ನಕಲನ್ನು ಬಿಟ್ಟು, ಪ್ರತಿ ತೆಗೆಯುವ ಯಾವ ವಿಧಾನವಾದರೂ ಕಾಯ್ದೆಯ ಕಣ್ಣಿಗೆ ಮುದ್ರಣವೇ. ಮುಂಡಗೋಡದಲ್ಲಿ ಒಬ್ಬ ಕಾರ್ಯಕರ್ತ ಐನೂರು ಪ್ರತಿ ಝೆರಾಕ್ಸ್ ಮಾಡಿಸಿಕೊಂಡರೆ ಅಂಗಡಿಯವನೇ ಮುದ್ರಕ. ಹೊಣೆ ಅವನ ತಲೆಗೂ ಬರುತ್ತದೆ. ಇನ್ನೊಂದು ತೊಡಕು: ಕಡತ ಹೋಗುವುದು ಅಚ್ಚಾದ ಜಿಲ್ಲೆಯ ಮ್ಯಾಜಿಸ್ಟ್ರೇಟರಿಗೆ. ಹಳಿಯಾಳದ ಕರಪತ್ರ ಹುಬ್ಬಳ್ಳಿಯಲ್ಲಿ ಅಚ್ಚಾದರೆ ಕಾಗದ ಕಾರವಾರಕ್ಕೆ ಬಾರದೆ ಧಾರವಾಡಕ್ಕೆ ಹೋಗುತ್ತದೆ. ಗೋವಾದಲ್ಲಿ ಅಚ್ಚು ಹಾಕಿಸಿ ಅನಮೋಡ ಘಟ್ಟ ಹತ್ತಿಸಿದರೆ ಕಡತ ರಾಜ್ಯವನ್ನೇ ದಾಟುತ್ತದೆ. ಗಡಿ ತಾಲ್ಲೂಕುಗಳ ಚುನಾವಣಾಧಿಕಾರಿಗಳು ಪಕ್ಕದ ಜಿಲ್ಲೆಗಳಿಂದ ಈ ಪ್ರತಿಗಳನ್ನು ಕೇಳಿ ತರಿಸಿಕೊಳ್ಳುವುದು ಕಡ್ಡಾಯವಾಗಬೇಕು.

ಮದುವೆ ಪತ್ರಿಕೆಯ ವಿಷಯ ಹೈಕೋರ್ಟಿನವರೆಗೂ ಹೋಗಿದೆ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ದಕ್ಷಿಣ ಕನ್ನಡ ಜಿಲ್ಲೆಯ ವರನೊಬ್ಬ, ನರೇಂದ್ರ ಮೋದಿಯವರಿಗೆ ಮತ ಹಾಕುವುದೇ ನಮಗೆ ಕೊಡುವ ಉಡುಗೊರೆ ಎಂಬರ್ಥದ ಸಾಲನ್ನು ಆಮಂತ್ರಣದಲ್ಲಿ ಹಾಕಿಸಿದ್ದ. ಚುನಾವಣಾ ಸಿಬ್ಬಂದಿಯ ದೂರಿನ ಮೇಲೆ ವರನ ಮೇಲೂ ಪ್ರೆಸ್ಸಿನ ಮಾಲೀಕರ ಮೇಲೂ 127ಎ ಅಡಿ ಪ್ರಕರಣ ದಾಖಲಾಯಿತು. ಪತ್ರಿಕೆ ಅಚ್ಚಾದದ್ದು ಮಾರ್ಚ್ 1ರಂದು, ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ರಂದು ಎಂಬುದು ಅವರ ವಾದ. ಕರ್ನಾಟಕ ಹೈಕೋರ್ಟ್ ಪ್ರಕರಣವನ್ನು ರದ್ದುಪಡಿಸಿತು. ನನಗೆ ಅದು ಸರಿಯೆನಿಸಿತು. ನೆಂಟರಿಗೆ ಹಂಚುವ ಆಮಂತ್ರಣದಲ್ಲಿ ಕಳಿಸಿದವರ ಹೆಸರು, ಊರು, ಮನೆತನ ಎಲ್ಲ ಎದ್ದು ಕಾಣುತ್ತವೆ, ಮರೆಮಾಚಿದ್ದು ಏನೂ ಇಲ್ಲ. ಹಾಗೆಂದು ಘೋಷಣೆಯಾದ ಮೇಲೂ ಯಾರಾದರೂ ಇದನ್ನು ಅನುಸರಿಸಿದರೆ ನ್ಯಾಯಾಲಯ ಇದೇ ಮಾತು ಹೇಳುತ್ತದೆ ಎಂದು ನಂಬಿ ಕೂರುವಂತಿಲ್ಲ. ಅಭ್ಯರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಅವರ ಗೆಲುವಿಗಾಗಿ ಹಣ ಖರ್ಚು ಮಾಡುವುದು ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಪರಾಧ. ಒಪ್ಪಿಗೆ ಇದ್ದರೆ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ. 2022ರಲ್ಲಿ ನಿಗದಿಯಾದ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ.

ಇನ್ನು ಆಕಾಶಮಾರ್ಗ. ಜೊಯಿಡಾ, ದಾಂಡೇಲಿ ಕಾಡುಗಳ ಬಹುಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು, ಕಾಳಿ ನದಿಯ ಕೆಳಹರಿವಿನಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರ, ಕಾರವಾರದಲ್ಲಿ ನೌಕಾನೆಲೆ. 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ. ಕೆಂಪಿನಲ್ಲಿ ಕೇಂದ್ರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಹೆಲಿಕಾಪ್ಟರಿನಿಂದ ವಸ್ತು ಬೀಳಿಸುವುದಕ್ಕೂ ಅನುಮತಿ ಬೇಕು. ಕಾನೂನನ್ನು ಬದಿಗಿಟ್ಟು ನೋಡಿದರೂ ಇದು ಉಪಯೋಗಕ್ಕೆ ಬಾರದ ಕೆಲಸ: ದಟ್ಟ ಕಾಡಿನ ಮೇಲೆ ಉದುರಿದ ಹಾಳೆ ಮರದ ತುದಿಗೆ ಸಿಕ್ಕಿಕೊಳ್ಳುತ್ತದೆ, ಇಲ್ಲವೆ ಜಿಂಕೆ, ಕಾಡೆಮ್ಮೆ ಮೇಯುವ ಜಾಗಕ್ಕೆ ಬೀಳುತ್ತದೆ. ಕಾಡೊಳಗೆ ಕಾಲಿಡುವುದಕ್ಕೂ ನಿಯಮವಿದೆ. 1972ರ ವನ್ಯಜೀವಿ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗಬಹುದು. ಹೆದ್ದಾರಿ ಬಿಟ್ಟು ಒಳಗಿನ ಹಾಡಿಗೆ ಹೋಗಲು ಅಲ್ಲಿನವರಲ್ಲದವರು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಎಲ್ಲ ಪಕ್ಷಗಳಿಗೂ ಈ ಅನುಮತಿ ಒಂದೇ ಅಳತೆಯಲ್ಲಿ, ಬೇಗನೆ ಸಿಗುವಂತಾಗಬೇಕು. ಕಾಡಿನೊಳಗಿನ ಮತದಾರನಿಗೂ ಎಲ್ಲರ ಮಾತು ಕೇಳುವ ಹಕ್ಕಿದೆ.

ಸರ್ಕಾರದ ಕೈಯಿಂದ ಹಂಚಿಸುವ ದಾರಿಗಳಂತೂ ಪೂರಾ ಮುಚ್ಚಿವೆ. ಮತದಾರರ ಚೀಟಿಯ ಜೊತೆ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಪಕ್ಷದ ಹಾಳೆ ಕೊಡುವಂತಿಲ್ಲ, ಪಡಿತರ ವಿತರಣೆಯ ಜೊತೆಗೂ ಕೂಡದು. ಗುಡಿ, ಮಸೀದಿ, ಚರ್ಚು ಪ್ರಚಾರದ ಜಾಗವಲ್ಲ. ಉಳವಿ ಜಾತ್ರೆಯ ದಾರಿಯಲ್ಲಿ ಹಂಚುವುದು ಬೇರೆ, ದೇವಸ್ಥಾನದ ಅಂಗಳದಲ್ಲಿ ಹಂಚುವುದು ಬೇರೆ. ಮಕ್ಕಳ ಕೈಗೆ ಕಟ್ಟು ಕೊಟ್ಟು ಓಡಿಸುವ ಹಳೇ ಚಾಳಿಗೆ 2024ರ ಫೆಬ್ರುವರಿ 5ರ ಆದೇಶದಲ್ಲಿ ಚುನಾವಣಾ ಆಯೋಗ ಸ್ಪಷ್ಟ ತಡೆ ಹಾಕಿದೆ. ಕರಪತ್ರ ಹಂಚಿಕೆಯನ್ನು ಹೆಸರಿಸಿಯೇ ಹೇಳಿದೆ. ನೋಂದಣಿ ಮಾಡಿಸಿಕೊಳ್ಳುವ ಕರಪತ್ರದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಭರವಸೆ ಕೊಡುವುದು ತಪ್ಪಲ್ಲ. ಆದರೆ ಗೆದ್ದರೆ ಕೊಡುತ್ತೇವೆಂದು ಹೆಸರು, ಫೋನ್ ನಂಬರ್ ಬರೆಸಿಕೊಳ್ಳುವುದನ್ನು ನಿಲ್ಲಿಸಿ ಎಂದು ಆಯೋಗ 2024ರ ಮೇ 2ರಂದು ಎಲ್ಲ ಪಕ್ಷಗಳಿಗೂ ಸೂಚಿಸಿತು. ತನ್ನ ನಂಬರು ಎಲ್ಲಿಗೆ ಹೋಗುತ್ತದೆಂದು ತಿಳಿಯದ ಅಜ್ಜಿಯಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ಪ್ರಚಾರವೆಂದು ಕರೆಯಲಾಗದು.

ಹಾಗಾದರೆ ಕೆಲಸಕ್ಕೆ ಬರುವುದು ಯಾವುದು? ಪತ್ರಿಕೆಯೊಳಗೆ ಇಡುವುದು ದಾಂಡೇಲಿಯ ಕಾಲೊನಿಗಳಿಗೆ, ಹಳಿಯಾಳ ಪೇಟೆಗೆ ಸರಿ. ಪತ್ರಿಕೆಯೇ ಹೋಗದ ಊರಿಗೆ ಅದರಿಂದ ಏನೂ ಇಲ್ಲ. ಕಾಡಿನ ಊರುಗಳಲ್ಲಿ ಭಾಷೆಯ ಪ್ರಶ್ನೆಯೂ ಇದೆ. ಕುಣಬಿಯರ ಮನೆಮಾತು ಕೊಂಕಣಿ, ಗೌಳಿಗರದು ಮರಾಠಿಗೆ ಹತ್ತಿರದ್ದು, ಸಿದ್ದಿಯರದು ಅವರದೇ ಬಗೆಯ ಕೊಂಕಣಿ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ನೆಲೆಯಿದೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಪೌರರು ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಮರುವರ್ಷ ಅವರನ್ನು ಮತದಾರರ ಪಟ್ಟಿಗೆ ಸೇರಿಸಲು ಆಯೋಗ ಸೂಚಿಸಿತು. ಅವರ ಲಿಪಿಯಲ್ಲಿ ಕರಪತ್ರ ಅಚ್ಚು ಹಾಕಿದರೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಆದರೂ ಓದಲು ಬಾರದ ಮನೆಯಲ್ಲಿ ಹಾಳೆಗಿಂತ ಹಾಳೆ ಹಿಡಿದು ಬಂದವನೇ ದೊಡ್ಡವನು. ಅಂಗಳದಲ್ಲಿ ಕೂತು, ಅವರ ಮಾತಿನಲ್ಲೇ ಓದಿ ಹೇಳಿ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ಬರುವ ಸ್ಥಳೀಯ ಹುಡುಗನಿಗೆ ಸಮನಾದ ಸಾಧನವಿಲ್ಲ. ಕೊನೆಯ 48 ಗಂಟೆಗಳಲ್ಲಿ ಸಭೆ, ಮೆರವಣಿಗೆ ನಿಂತರೂ ಮನೆಮನೆ ಭೇಟಿಗೆ ಅಡ್ಡಿಯಿಲ್ಲ. ಆ ಹೊತ್ತಿಗೆ ಕ್ಷೇತ್ರದ ಮತದಾರರಲ್ಲದ ಕಾರ್ಯಕರ್ತರು ಹೊರಗೆ ಹೋಗಬೇಕಾದ್ದರಿಂದ ಊರಿನವರೇ ಉಳಿಯುತ್ತಾರೆ. ಮತದಾನದ ದಿನ ಮಾತ್ರ ಮತಗಟ್ಟೆಯ ನೂರು ಮೀಟರ್ ಒಳಗೆ ಯಾವ ಪ್ರಚಾರವೂ ಕೂಡದು.

ಅಷ್ಟು ಜನಬಲ ಪಕ್ಷೇತರ ಅಭ್ಯರ್ಥಿಗೆ ಎಲ್ಲಿಂದ ಬರಬೇಕು? ಬ್ರಿಟನ್ನಿನಲ್ಲಿ ಸಂಸತ್ ಚುನಾವಣೆಯ ಪ್ರತಿ ಅಭ್ಯರ್ಥಿಗೂ ಒಂದು ಬಾರಿ ಕರಪತ್ರವನ್ನು ಅಂಚೆಯ ಮೂಲಕ ಉಚಿತವಾಗಿ ಕಳಿಸುವ ಹಕ್ಕಿದೆ. ನಮ್ಮಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆ ಆಕಾಶವಾಣಿ, ದೂರದರ್ಶನದಲ್ಲಿ ಉಚಿತ ಸಮಯವಿದೆ. ಜೊಯಿಡಾದಂಥ ತಾಲ್ಲೂಕುಗಳಿಗೆ ಅಂಚೆಯ ದಾರಿಯನ್ನೂ ತೆರೆಯಬೇಕೆಂದು ಆಯೋಗವನ್ನು ಕೇಳಬೇಕು. ಹಳ್ಳಿಯ ಅಂಚೆಯಣ್ಣನಿಗೆ ಈಗಾಗಲೇ ಆ ಮನೆಗಳ ದಾರಿ ಗೊತ್ತಿದೆ.

ಅಲ್ಲಿಯವರೆಗೆ ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಚುನಾವಣೆಯಲ್ಲಿ ಕೈಗೆ ಬಂದ ಹಾಳೆಯನ್ನು ಬುಡದಿಂದ ಓದಿ. ಮುದ್ರಕರು, ಪ್ರಕಾಶಕರು ಯಾರೆಂದು ಇಲ್ಲದಿದ್ದರೆ ಅದನ್ನು ಹರಿಯಬೇಡಿ, ಜೋಪಾನವಾಗಿಡಿ. ನೆಟ್‌ವರ್ಕ್ ಇರುವಲ್ಲಿ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಚಿತ್ರ ಕಳಿಸಿ, ನೂರು ನಿಮಿಷದೊಳಗೆ ಕ್ರಮ ತೆಗೆದುಕೊಳ್ಳಬೇಕೆಂಬುದು ಅದರ ನಿಯಮ. ನೆಟ್‌ವರ್ಕ್ ಇಲ್ಲದ ಊರಿನವರಾದರೆ ಹಾಳೆಯನ್ನೇ ತಹಶೀಲ್ದಾರ್ ಕಚೇರಿಗೆ ಒಯ್ದು ಕೊಟ್ಟು ಸ್ವೀಕೃತಿ ಪಡೆಯಿರಿ, ಇಲ್ಲವೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.