ಹಸಿರೆಲೆಯಿಂದ ವಿದ್ಯುಚ್ಛಕ್ತಿ

ಪೈರಿನ ಹಸಿರೆಲೆಯು ಬಿಸಿಲನ್ನು ಹೀರಿ, ನೀರಿನಿಂದಲೂ ಗಾಳಿಯಲ್ಲಿರುವ ಅಂಗಾರಾಮ್ಲ ವಾಯುವಿನಿಂದಲೂ ಸಕ್ಕರೆಯನ್ನು ಸಿದ್ಧಪಡಿಸುತ್ತದೆಂಬುದು ವ್ಯವಸಾಯಗಾರರು ಬಲ್ಲ ವಿಷಯವೇ ಆಗಿದೆ. ಆದರೆ ಸಕ್ಕರೆಯು ಹುಟ್ಟುವುದಕ್ಕೆ ಮುಂಚೆ ಎಲೆಯೊಳಗೆ ಸೂಕ್ಷ್ಮವಾದ ವಿದ್ಯುತ್ಪ್ರವಾಹವು ಉಂಟಾಗುತ್ತದೆಂಬುದು ಅನೇಕರಿಗೆ ತಿಳಿಯದು. ಈ ಪ್ರವಾಹವನ್ನು ನೇರವಾಗಿ ಪಡೆಯಲು ಅಮೆರಿಕಾ ದೇಶದಲ್ಲಿ ನಡೆದಿರುವ ಪ್ರಯೋಗಗಳನ್ನೂ, ಬಾವಿಗೆ ಪಂಪು ಹಾಕಿಸುವ ರೈತನಿಗೆ ಅವುಗಳಿಂದ ಸದ್ಯಕ್ಕೆ ಎಷ್ಟು ಪ್ರಯೋಜನವುಂಟೆಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಎಲೆಯೊಳಗಣ ಯಂತ್ರ.— ಎಲೆಯ ಹಸಿರು ಕಣಗಳಲ್ಲಿ ತೆಳುವಾದ ಪೊರೆಗಳಿವೆ. ಪ್ರೋಟೀನ್ ಎಂಬ ಸಸಾರಜನಕ ಪದಾರ್ಥದಿಂದಾದ ಅತಿಸೂಕ್ಷ್ಮ ಸಂಪುಟಗಳು ಈ ಪೊರೆಗಳಲ್ಲಿ ನೆಟ್ಟುಕೊಂಡಿವೆ. ಇವುಗಳಲ್ಲೊಂದು ಬಗೆಗೆ ‘ಮೊದಲನೆಯ ಫೋಟೋಸಿಸ್ಟಮ್’ ಎಂದು ಹೆಸರು. ಇದರಲ್ಲಿರುವ ನೂರಕ್ಕೆ ಮೇಲ್ಪಟ್ಟ ಪತ್ರಹರಿತ್ತಿನ ಅಣುಗಳು ಬೆಳಕನ್ನು ಹೀರಿ, ಹಲವು ಹಳ್ಳಗಳ ನೀರು ಒಂದೇ ಕೆರೆಗೆ ಸೇರುವಂತೆ, ಆ ಶಕ್ತಿಯನ್ನು ನಡುವಣ ಒಂದು ಸ್ಥಾನಕ್ಕೆ ಸಾಗಿಸುತ್ತವೆ. ಅಲ್ಲಿಂದ ಎಲೆಕ್ಟ್ರಾನ್ ಎಂಬ ವಿದ್ಯುತ್ಕಣವು ಹೊರಡುತ್ತದೆ. ಹೀರಿದ ಬೆಳಕಿನ ಕಣವೊಂದಕ್ಕೆ ವಿದ್ಯುತ್ಕಣವೊಂದರಂತೆ, ಬಹುಮಟ್ಟಿಗೆ ನಷ್ಟವಿಲ್ಲದೆ ಈ ಕಾರ್ಯವು ನಡೆಯುವುದು.

ಪ್ರಯೋಗಗಳು.— ಸೊಪ್ಪನ್ನು ಅರೆದು, ವೇಗವಾಗಿ ತಿರುಗುವ ಯಂತ್ರದಲ್ಲಿಟ್ಟು, ಪೊರೆಯನ್ನು ಸಾಬೂನಿನಂಥ ದ್ರವ್ಯದಿಂದ ಕರಗಿಸಿದರೆ ಸಂಪುಟಗಳು ಬೇರ್ಪಡುತ್ತವೆ. 2004ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ಶೋಧಕರು ಪಾಲಕ್ ಸೊಪ್ಪಿನ ಸಂಪುಟಗಳಿಂದ ಕೋಶವನ್ನು ನಿರ್ಮಿಸಿದರು; ಅದು ಕೆಲವು ವಾರ ಬಾಳಿತು. 2010ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕೋಶವು ಒಂಬತ್ತು ತಿಂಗಳು ಕುಂದದೆ ನಡೆಯಿತು. 2012ರಲ್ಲಿ ಅಲ್ಲಿನ ಡೇವಿಡ್ ಕ್ಲಿಫೆಲ್, ಕೇನ್ ಜೆನ್ನಿಂಗ್ಸ್ ಎಂಬವರ ತಂಡವು ಸಂಪುಟಗಳ ದ್ರಾವಣವನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಸುರಿದು, ನಿರ್ವಾತದಲ್ಲಿ ಒಣಗಿಸಿ, ಚದರ ಸೆಂಟಿಮೀಟರಿಗೆ 850 ಮೈಕ್ರೋಆಂಪೇರ್ ಪ್ರವಾಹವನ್ನು 0.3 ವೋಲ್ಟಿನಲ್ಲಿ ಪಡೆಯಿತು. ಅದಕ್ಕೆ ಹಿಂದಿನ ಇಂಥ ಕೋಶಗಳಿಗೆ ಹೋಲಿಸಿದರೆ ಇದು ಸುಮಾರು ಎರಡೂವರೆ ಪಟ್ಟು ಹೆಚ್ಚು.

ಲೆಕ್ಕ.— ಈ ಪ್ರಮಾಣದಂತೆ ಚದರ ಮೀಟರಿಗೆ ಹೆಚ್ಚೆಂದರೆ ಎರಡೂವರೆ ವಾಟ್ ಶಕ್ತಿ ಬರುವುದು. ಪೇಟೆಯಲ್ಲಿ ದೊರೆಯುವ ಸಿಲಿಕಾನ್ ಫಲಕವಾದರೋ ನಡುಹಗಲಿನಲ್ಲಿ ಅಷ್ಟೇ ಸ್ಥಳಕ್ಕೆ ಸುಮಾರು 200 ವಾಟ್ ಕೊಡುತ್ತದೆ. 5 ಅಶ್ವಶಕ್ತಿಯ ಪಂಪಿಗೆ ಸುಮಾರು 3,700 ವಾಟ್ ಬೇಕು. ಇದಕ್ಕೆ ಸಿಲಿಕಾನ್ ಫಲಕವು 20 ಚದರ ಮೀಟರಿನಷ್ಟು ಸಾಕಾದರೆ, ಸೊಪ್ಪಿನ ಕೋಶಗಳಿಂದ 14 ಗುಂಟೆ ಜಮೀನನ್ನು ಮುಚ್ಚಬೇಕಾಗುವುದು.

ಕಾರಣ.— ಎಲೆಯಲ್ಲಿ ಸಂಪುಟಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡಿ ಕ್ರಮವಾಗಿ ನಿಂತಿವೆ. ಬಿಲ್ಲೆಯ ಮೇಲೆ ಅವು ಚೆಲ್ಲಾಪಿಲ್ಲಿಯಾಗಿ ಬೀಳುತ್ತವೆ. ಅಲ್ಲದೆ, ಬಿಸಿಲಿನಿಂದ ಕೆಟ್ಟ ಭಾಗಗಳನ್ನು ಜೀವಂತ ಎಲೆಯು ತೆಗೆದು ಹೊಸದನ್ನು ಕೂಡಿಸುತ್ತಲೇ ಇರುವುದು. ಬಿಲ್ಲೆಯ ಮೇಲೆ ಈ ದುರಸ್ತಿಯಿಲ್ಲ. ಆದರೂ ಸೊಪ್ಪು ಅಗ್ಗವಾಗಿ ಎಲ್ಲೆಡೆಯೂ ಬೆಳೆಯುವ ವಸ್ತುವಾದುದರಿಂದ ಶೋಧಕರು ಈ ಪ್ರಯತ್ನವನ್ನು ಬಿಟ್ಟಿಲ್ಲ.

ಸೂಚನೆ.— ಆದಕಾರಣ, ಸೊಪ್ಪಿನ ವಿದ್ಯುತ್ಫಲಕಗಳಿಗೆಂದು ಯಾರಾದರೂ ಮುಂಗಡ ಹಣ ಕೇಳಿದರೆ, ಈ ವಿದ್ಯೆಯು ಇನ್ನೂ ಪ್ರಯೋಗಶಾಲೆಯನ್ನು ದಾಟಿ ಹೊಲಕ್ಕೆ ಬಂದಿಲ್ಲವೆಂದು ಗ್ರಾಮದ ಮುಖಂಡರು ರೈತರಿಗೆ ತಿಳಿಯಪಡಿಸತಕ್ಕದ್ದು. ಬಿಸಿಲಿನಿಂದ ಪಂಪು ನಡೆಸಬೇಕೆನ್ನುವ ಜಮೀನುದಾರರು ಸಿಲಿಕಾನ್ ಫಲಕಗಳನ್ನೇ ಹಾಕಿಸುವುದು ಲೇಸು. ಹಸಿರುಸೊಪ್ಪನ್ನು ದನಗಳ ಮೇವಿಗೂ ಹಸಿರುಗೊಬ್ಬರಕ್ಕೂ ಉಪಯೋಗಿಸುವುದರಿಂದಲೇ ಸದ್ಯಕ್ಕೆ ಹೆಚ್ಚಿನ ಲಾಭವುಂಟು.